ಇಂಜಿನ್ನಿಗೆ ಹಚ್ಚಿದ ವಿಭೂತಿ

ನಮ್ಮ ಸಂಭಾಜಿನಗರದ ಹೊರಗೆ, ಶೇಂದ್ರಾದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನನಗೆ ಕೆಲಸ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆಯುವುದು, ಮೂಗು ಮುರಿಯುವುದು, ವಾಪಸು ಕಳಿಸುವುದು. ಇಷ್ಟು ವರ್ಷ ಇದನ್ನೇ ಮಾಡಿ ಮಾಡಿ, ನನಗೆ ಕೈಕೆಲಸವೂ ಬರುತ್ತದೆ ಎಂಬ ಭ್ರಮೆ ಯಾವಾಗ ತಲೆಗೇರಿತೋ ತಿಳಿಯದು. ಒಂದು ಬೋಲ್ಟನ್ನೂ ಸ್ವತಃ ಮಾಡಿದವನಲ್ಲ ನಾನು. ಆದರೆ ಯಾರ ಬೋಲ್ಟು ಕಂಡರೂ ತಪ್ಪು ಹೇಳಬಲ್ಲೆ.

ಹೆಂಡತಿಯ ತಮ್ಮ ನಾಶಿಕದ ಮಗ್ಗುಲಲ್ಲಿ, ದಿಂಡೋರಿಯ ಹತ್ತಿರ ದ್ರಾಕ್ಷಿ ಬೆಳೆಯುತ್ತಾನೆ. ಬೀದರ ಕಡೆಯಿಂದ ಬಂದು, ವೈನರಿಯೊಂದರಲ್ಲಿ ಬಹಳ ಕಾಲ ದುಡಿದು, ಆಮೇಲೆ ಗುಡ್ಡದ ಓರೆಯಲ್ಲಿ ಸ್ವಂತ ತೋಟ ಮಾಡಿಕೊಂಡವನು. ಕೆಲವು ವರ್ಷಗಳ ಹಿಂದೆ ಇಗತಪುರಿಯ ಘಾಟಿನಲ್ಲಿ ಮಳೆಗೆ ಟೆಂಪೊ ಮಗುಚಿ ಅವನ ಕಾಲು ಮುರಿಯಿತು. ಒಳಗೆ ರಾಡು ಹಾಕಿದರು. ಸಪಾಟು ನೆಲದಲ್ಲಿ ಕೋಲು ಹಿಡಿದು ನಡೆಯುತ್ತಾನೆ, ಏರು ಬಂದರೆ ಆ ಕಾಲು ಭಾರ ತಡೆಯುವುದಿಲ್ಲ. ಅವನ ತೋಟವೋ, ಪೂರಾ ಏರು.

ಅದಕ್ಕೇ ಅವನು ಒಂದು ಹಳೆಯ ಎಟಿವಿ ಕೊಂಡಿದ್ದ. ದಪ್ಪ ಟೈರಿನ, ನಾಲ್ಕು ಗಾಲಿಯ, ಮೋಟರ್ ಸೈಕಲ್ಲಿನ ಹ್ಯಾಂಡಲ್ ಇರುವ ಗಾಡಿ. ರೆಸಾರ್ಟಿನವರು ಪ್ರವಾಸಿಗರನ್ನು ಅದರ ಮೇಲೆ ಕುಣಿಸಿ ಕುಣಿಸಿ, ಸಾಕಾಗಿ ಮಾರಿದ್ದು. ಕಲ್ಲಿರಲಿ, ಕೆಸರಿರಲಿ, ಹತ್ತುತ್ತಿತ್ತು. ಅವನು ಅದರ ಮೇಲೆ ಕೂತು ಸಾಲು ಸಾಲು ತಿರುಗಿ, ಎಲೆ ಮಗುಚಿ ರೋಗ ನೋಡುತ್ತಿದ್ದ, ಕೂಲಿಯವರ ಜೊತೆ ಹರಟುತ್ತಿದ್ದ, ಬೈಯುತ್ತಿದ್ದ. ಗಾಡಿ ನಿಂತರೆ ಅವನ ತೋಟ ವರಾಂಡಾದ ಕುರ್ಚಿಯಿಂದ ಕಂಡಷ್ಟೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಗಾಡಿ ನೀಲಿ ಹೊಗೆ ಉಗುಳಿ, ಏರಿನಲ್ಲಿ ಸೋಲತೊಡಗಿತು. ದಿಂಡೋರಿಯ ಮೆಕ್ಯಾನಿಕ್ ಒಬ್ಬ ಬಿಚ್ಚಿ ನೋಡುತ್ತೇನೆ ಎಂದಿದ್ದ. ನಾನು ಆವತ್ತು ಊಟಕ್ಕೆ ಅಲ್ಲೇ ಇದ್ದೆ, ಅದೇ ಎಡವಟ್ಟಾಯಿತು. ಇಂಥವರ ಕೈಗೆ ಇಂಜಿನ್ ಕೊಟ್ಟರೆ ಕೆಟ್ಟಿತು ಎಂದು ತಿಳಿ, ಗಣಪತಿ ಹಬ್ಬದೊಳಗೆ ಹೊಸದರ ಹಾಗೆ ಮಾಡಿ ತಂದು ನಿಲ್ಲಿಸುತ್ತೇನೆ ಎಂದು ಕೈ ತೊಳೆಯುವ ಮೊದಲೇ ಮಾತು ಕೊಟ್ಟೆ. ಅವನು ನನ್ನನ್ನು ಮರಾಠಿಯವರ ಹಾಗೆ ದಾಜಿ ಎನ್ನುತ್ತಾನೆ, ಅಕ್ಕನ ಗಂಡ ಎಂದು. ದಾಜಿ ಹೇಳಿದ ಮೇಲೆ ಆಯಿತು ಎಂದು ಸುಮ್ಮನಾದ. ಹೆಂಡತಿ ಮಾತ್ರ ನನ್ನನ್ನೇ ನೋಡುತ್ತ ಇನ್ನೊಂದು ರೊಟ್ಟಿ ಹಾಕಿದಳು.

ಗಾಡಿಯನ್ನು ಟೆಂಪೊದಲ್ಲಿ ಸಂಭಾಜಿನಗರಕ್ಕೆ ತಂದೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅದನ್ನು ಇಳಿಸಿದಾಗ ಜನ ಬಾಲ್ಕನಿಗೆ ಬಂದರು. ರವಿವಾರದ ದಿನ ನಾನು ಹಳೆಯ ಶರ್ಟು ಹಾಕಿಕೊಂಡು ಇಂಜಿನ್ ಬಿಚ್ಚಲು ಕೂತರೆ ಕೆಲವರು ಚಹಾ ಕಪ್ಪು ಹಿಡಿದುಕೊಂಡೇ ಇಳಿದು ಬರುತ್ತಿದ್ದರು. ಬಿಚ್ಚುವ ಕೆಲಸ ಸಲೀಸಾಗಿ ಆಯಿತು. ಸಿಲಿಂಡರಿನ ಒಳಗೋಡೆ ಸವೆದು ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದವು, ಪಿಸ್ಟನ್ನಿನ ರಿಂಗುಗಳು ತೆಳ್ಳಗಾಗಿದ್ದವು. ಕಾರ್ಖಾನೆಯಲ್ಲಿ ಮಾಡುವಂತೆ ಎಲ್ಲ ಅಳೆದು, ಎಲ್ಲವೂ ನಪಾಸು ಎಂದು ಹೆಂಡತಿಯ ತಮ್ಮನಿಗೆ ಫೋನಿನಲ್ಲಿ ಸಂಭ್ರಮದಿಂದ ಹೇಳಿದೆ. ಅಳೆಯುವವರೆಗೆ ನಾನು ಯಾರಿಗೂ ಕಡಿಮೆ ಇಲ್ಲ.

ಸಿಲಿಂಡರನ್ನು ಕೊರೆದು ನಯಮಾಡಿಸಬೇಕಿತ್ತು. ನಮ್ಮೂರಿನ ಬೋರಿಂಗ್ ಅಂಗಡಿಗಳನ್ನೆಲ್ಲ ಸುತ್ತಿ, ಒಂದೊಂದರಲ್ಲೂ ಒಂದೊಂದು ಕೊರತೆ ಕಂಡುಹಿಡಿದೆ. ಇದರಲ್ಲೇ ಗಣಪತಿ ಬಂದು ನೀರಿಗೂ ಹೋದ. ಕೊನೆಗೆ ನಾಶಿಕದ ಒಂದು ಅಂಗಡಿಯನ್ನು ಒಪ್ಪಿಕೊಂಡೆ. ಅಂದರೆ, ನಾಶಿಕದ ಮಗ್ಗುಲಲ್ಲೇ ಇದ್ದ ಗಾಡಿಯನ್ನು ಇಷ್ಟು ದೂರ ಹೊತ್ತು ತಂದು, ಅದರ ಸಿಲಿಂಡರನ್ನು ಬಟ್ಟೆ ಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಮತ್ತೆ ನಾಶಿಕಕ್ಕೆ ಹೊತ್ತೊಯ್ದೆ. ಪಕ್ಕದಲ್ಲಿ ಕೂತ ಹೆಂಗಸು ಕುಕ್ಕರ್ ಯಾವ ಕಂಪನಿಯದು ಎಂದು ಕೇಳಿದಳು. ಕುಕ್ಕರೇ ಆಗಿದ್ದರೆ ಚೆನ್ನಾಗಿತ್ತು.

ಅಂಗಡಿಯವರು ಕೆಲಸ ಚೊಕ್ಕಟವಾಗಿ ಮಾಡಿಕೊಟ್ಟರು. ಒಳಗೋಡೆಯಲ್ಲಿ ಎಣ್ಣೆ ನಿಲ್ಲಲೆಂದು ಕೂದಲಿನಷ್ಟು ಸಣ್ಣ ಅಡ್ಡಗೆರೆಗಳನ್ನು ಎಳೆದಿದ್ದರು. ಜೋಡಿಸುವ ಮೊದಲು ಸಾಬೂನು ಬಿಸಿನೀರಿನಲ್ಲಿ ತೊಳೆಯಿರಿ, ಒಂದು ಕಣ ಧೂಳೂ ಇರಬಾರದು ಎಂದರು. ಇದನ್ನು ನಾನೇ ದಿನಾ ಹತ್ತು ಜನಕ್ಕೆ ಹೇಳುತ್ತೇನೆ ಎಂದು ನಕ್ಕು, ಹೊಸ ಪಿಸ್ಟನ್ನು ರಿಂಗುಗಳ ಸಮೇತ ಮನೆಗೆ ಬಂದೆ. ಬಂದವನು ಹೇಳಿದಂತೆಯೇ ತೊಳೆದೆ, ಒರೆಸಿದೆ, ಎಣ್ಣೆ ಸವರಿಟ್ಟೆ.

ಅಷ್ಟರಲ್ಲಿ ದಸರೆಯ ಖಂಡೇ ಪೂಜೆ ಬಂತು. ನಮ್ಮಲ್ಲಿ ಆ ದಿನ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ ಪೂಜೆ ಮಾಡುತ್ತೇವೆ. ಬೇರೆ ವರ್ಷ ನನ್ನ ಪಾಲಿಗೆ ಇರುತ್ತಿದ್ದುದು ಒಂದು ಸ್ಕೂಟರು, ಹೆಂಡತಿಯ ಮಿಕ್ಸರು. ಈ ಸಲ ಒಂದು ಇಡೀ ಇಂಜಿನ್! ದೇವರ ಮುಂದೆ ಹಾಳೆ ಹಾಸಿ, ಸಿಲಿಂಡರು, ಪಿಸ್ಟನ್ನು, ರಿಂಗು, ಬೋಲ್ಟು ಬಿಚ್ಚುವ ಪಾನಾ ಎಲ್ಲ ಸಾಲಾಗಿ ಹರವಿದೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಒಂದೊಂದಕ್ಕೂ ಮೂರು ಬೆರಳು ಎಳೆಯುತ್ತ ಬಂದೆ. ಸಿಲಿಂಡರಿಗೆ ಬಂದಾಗ ನನ್ನ ತಪಾಸಣೆ ಬುದ್ಧಿ ಜಾಗೃತವಾಯಿತು. ಹೊರಗೆ ಹಚ್ಚಿ ಏನು ಬಂತು? ದುಡಿಯುವುದು ಒಳಗೋಡೆ, ಸವೆಯುವುದೂ ಅದೇ. ಆದ್ದರಿಂದ ಕೈ ಒಳಗೆ ಹಾಕಿ, ಸುತ್ತಲೂ ಭಕ್ತಿಯಿಂದ ಎಳೆದೆ.

ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ಜೋಡಿಸಲು ಕೂತೆ. ಪೂಜೆಯ ವಿಭೂತಿಯನ್ನು ಸಾಬೂನು ಹಾಕಿ ಮೋರಿಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಶುಭ್ರವಾದ ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ, ಪಿಸ್ಟನ್ ಇಳಿಸಿದೆ. ಗಾಡಿ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ಪಾರ್ಕಿಂಗಿನಲ್ಲಿ ಸುತ್ತು ಹೊಡೆದೆ, ಗೇಟಿನಾಚೆಯ ರಸ್ತೆಯಲ್ಲೂ ಹೊಡೆದೆ. ಮುಂದಿನ ರವಿವಾರದ ಹೊತ್ತಿಗೆ ಹಳೆಯ ಹೊಗೆ ತಿರುಗಿ ಬಂದಿತ್ತು.

ತಕ್ಷಣ ನಾಶಿಕದ ಅಂಗಡಿಗೆ ಫೋನು ಹಚ್ಚಿ, ಕಾರ್ಖಾನೆಯ ದನಿಯಲ್ಲಿ ಅವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಪಾಪ, ಬಿಚ್ಚಿ ನೋಡಿ ಸಾಹೇಬರೇ ಎಂದರು. ಬಿಚ್ಚಿದರೆ ಹೊಸ ಗೋಡೆಯ ತುಂಬ ಹೊಸ ಗೀರುಗಳು. ಒಂದು ಗೆರೆಯೊಳಗಿಂದ ಉಗುರಿಗೆ ಬೂದು ಬಣ್ಣದ ಕೆಸರು ಬಂತು. ಇದೇನಿದು ಎಂದು ಬೆರಳು ಎತ್ತಿ ಹಿಡಿದೆ. ಹೆಂಡತಿ ಬಗ್ಗಿ ನೋಡಿದಳು, ನನ್ನ ಮುಖ ನೋಡಿದಳು.

"ಬೆಳ್ಳಿ ಸಾಮಾನ ನಾವು ವಿಭೂತಿಲೇ ತಿಕ್ಕತೀವಲ್ರೀ," ಎಂದಳು.

ಅಷ್ಟೇ ಹೇಳಿ ಮೇಲೆ ಹೋದಳು. ನಾನು ಆ ಬೆರಳನ್ನು ಅಂಗಿಗೆ ಒರೆಸಿಕೊಂಡೆ. ಧೂಳಿನ ಕಣವೊಂದು ಕಂಡರೆ ಇಡೀ ಪೆಟ್ಟಿಗೆ ವಾಪಸು ಕಳಿಸುವ ಮನುಷ್ಯ, ಇಂಜಿನ್ನಿನ ಹೊಟ್ಟೆಗೆ ನನ್ನ ಕೈಯಾರೆ ಬೂದಿ ಬಳಿದಿದ್ದೆ. ಅಂಗಡಿಗೆ ಫೋನು ಮಾಡಿ ಕ್ಷಮೆ ಕೇಳಿದೆ, ಕಾರಣ ಮಾತ್ರ ಹೇಳಲಿಲ್ಲ. ತೊಳೆದು, ಗೀರುಗಳನ್ನು ಕೈಲಾದಷ್ಟು ತಿಕ್ಕಿ, ರಿಂಗು ಬದಲಿಸಿ, ಮತ್ತೆ ಜೋಡಿಸುವ ಹೊತ್ತಿಗೆ ದೀಪಾವಳಿ ಮುಗಿದಿತ್ತು.

ಇಷ್ಟು ದಿನವೂ ಹೆಂಡತಿಯ ತಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಅಕ್ಕನ ಆರೋಗ್ಯ ಕೇಳುತ್ತಿದ್ದ, ಮಳೆಯ ಸುದ್ದಿ ಹೇಳುತ್ತಿದ್ದ, ಗಾಡಿಯ ಮಾತು ಎತ್ತುತ್ತಿರಲಿಲ್ಲ. ದಸರೆಯ ಆಸುಪಾಸಿನಲ್ಲಿ ದ್ರಾಕ್ಷಿಯ ಛಾಟಣಿ ಬರುತ್ತದೆ. ಬಳ್ಳಿಯನ್ನು ಎಲ್ಲಿ ಕತ್ತರಿಸಬೇಕು ಎಂದು ಒಂದೊಂದು ಕಡ್ಡಿ ನೋಡಿ ತೀರ್ಮಾನಿಸುವ ಕೆಲಸ. ಅದು ತಪ್ಪಿದರೆ ಆ ವರ್ಷದ ಹಣ್ಣೇ ತಪ್ಪಿದ ಹಾಗೆ. ಛಾಟಣಿ ಹೇಗಾಯಿತು ಎಂದು ಕೇಳಿದ್ದಕ್ಕೆ ಚೊಲೋ ಆಯಿತು ಎಂದಿದ್ದ. ಕೆಳಗೆ ಕೂತು ಫೋನಿನಲ್ಲಿ ನಡೆಸಿರಬೇಕು ಎಂದುಕೊಂಡೆ. ನನ್ನ ಮೇಲೆ ಎಷ್ಟು ಭರವಸೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ.

ಚಳಿ ಬಿದ್ದ ಮೇಲೆ ಗಾಡಿಯನ್ನು ಅವನ ತೋಟಕ್ಕೆ ತೆಗೆದುಕೊಂಡು ಹೋದೆ. ಟೆಂಪೊದಿಂದ ಇಳಿಸಿ ಶುರು ಮಾಡಿದಾಗ ಇನ್ನೂ ತೆಳುವಾಗಿ ನೀಲಿ ಹೊಗೆ ಬಂತು. ಗೀರು ಪೂರ್ತಿ ಹೋಗಿರಲಿಲ್ಲ. ರಿಂಗು ಕೂರುವವರೆಗೆ ಹೀಗೆಯೇ ಎಂದು ವಿವರಿಸಲು ಬಾಯಿ ತೆರೆದೆ. ಅವನು ಅದನ್ನು ಕೇಳಲು ನಿಲ್ಲಲಿಲ್ಲ. ಕೋಲನ್ನು ಹ್ಯಾಂಡಲಿಗೆ ಸಿಕ್ಕಿಸಿ, ಕಾಲನ್ನು ಕೈಯಿಂದ ಎತ್ತಿ ಆಚೆ ಹಾಕಿ ಕೂತು, ಏರು ಹತ್ತಿಯೇ ಬಿಟ್ಟ.

ಕೆಳಗಿನ ಸಾಲಿನಲ್ಲಿ ಕಲಬುರಗಿ ಕಡೆಯ ಒಬ್ಬ ಹೆಂಗಸು ಗೊಂಚಲುಗಳಲ್ಲಿ ಒತ್ತಾದ ಕಾಯಿಗಳನ್ನು ಚಿವುಟಿ ತೆಗೆಯುತ್ತಿದ್ದಳು. ನನ್ನ ಮಸಿ ಹತ್ತಿದ ಅಂಗಿ ನೋಡಿ, ಗಾಡಿ ಮಾಡಿದ ಮೆಕ್ಯಾನಿಕ್ ನೀವೇ ಏನು ಎಂದು ಕೇಳಿದಳು. ಜನ್ಮದಲ್ಲಿ ನನ್ನನ್ನು ಹಾಗೆ ಕರೆದವಳು ಅವಳೊಬ್ಬಳೇ. ಹೌದು ಎಂದೆ.

"ಲಗೂನ ಮಾಡಿ ಕೊಡಬಾರದೇನ್ರಿ," ಎಂದಳು. "ಛಾಟಣಿ ದಿನ ಸಾವ್ಕಾರ್ರು ಕುಂತೇ ಮ್ಯಾಲ ಹೋದ್ರು. ಗುಡ್ಡಕ್ಕ ಬೆನ್ನ ಮಾಡಿ, ಎರಡೂ ಕೈ ಊರಿ, ಹಿಂದ ಹಿಂದ ಸರ್ಕೋತ. ನಾವು ಹೊತಗೊಂಡ ಹೋಗ್ತೀವಂದ್ರ ಬ್ಯಾಡ ಅಂದ್ರು. ಅಂಗೈ ಪೂರಾ ಕಿತ್ತಿತ್ತು. ಅವ್ರ ದಾಜಿಗಿ ಮಾತ್ರ ಹೇಳಬ್ಯಾಡ್ರಿ ಅಂದಾರ."

ನಾನು ಆ ಏರನ್ನು ನಡೆದೇ ಹತ್ತಿದೆ. ಎರಡು ಗಟ್ಟಿ ಕಾಲಿದ್ದೂ ಅರ್ಧಕ್ಕೇ ಏದುಸಿರು ಬಂತು, ಕಲ್ಲು ಹಿಡಿದು ನಿಂತೆ, ಮತ್ತೆ ಹತ್ತಿದೆ. ನನಗೆ ಅಂಥ ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಕೊನೆಯ ಸಾಲಿನಲ್ಲಿ ಅವನು ಇಂಜಿನ್ ಆರಿಸದೆ ಗಾಡಿ ನಿಲ್ಲಿಸಿ, ಕಡಲೆಕಾಳಿನಷ್ಟಾಗಿದ್ದ ಕಾಯಿಗಳ ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದ. ತೋಟ ಚೆನ್ನಾಗಿ ಹಿಡಿದಿತ್ತು. ನಾನು ಅವನ ಗಾಲಿಯ ಪಕ್ಕ ನೆಲದ ಮೇಲೆ ಕೂತೆ. ಉಸಿರು ಹತೋಟಿಗೆ ಬಂದ ಮೇಲೆ, ವಾರ ವಾರ ಫೋನು ಮಾಡಿದವನು ಗಾಡಿ ಬೇಕು ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಅವತ್ತೇ ಯಾರಾದರೂ ಮೆಕ್ಯಾನಿಕ್ಕಿಗೆ ಒಪ್ಪಿಸಿಬಿಡುತ್ತಿದ್ದೆ ಎಂದೆ.

ನನಗೆ ಯಾರು ಹೇಳಿದರು ಎಂದು ಅವನು ವಿಚಾರಿಸಲಿಲ್ಲ. ಗೊಂಚಲನ್ನು ಮೆಲ್ಲಗೆ ಕೈಬಿಟ್ಟು, ಇನ್ನೂ ಹೊಗೆಯಾಡುತ್ತಿದ್ದ ಸೈಲೆನ್ಸರಿನ ಕಡೆ ನೋಡಿದ.

"ಒಪ್ಪಸ್ತಿದ್ದಿಲ್ರಿ ದಾಜಿ, ನಿಮಗ ನಾ ಬಲ್ಲೆ," ಎಂದ. "ಗಾಡಿ ಬೇಕಂದಿದ್ರ ನೀವು ಅವಸರ ಮಾಡ್ತಿದ್ರಿ. ಸಾವಕಾಶ ಮಾಡಿದ್ದೇ ಹಿಂಗದ."