ದೋರನಹಳ್ಳಿಯಲ್ಲಿದ್ದ ಎರಡನೆಯ ಸಂಪುಟ

ಸಮುದ್ರವನ್ನು ನಾನು ಈವರೆಗೆ ಕಣ್ಣಾರೆ ನೋಡಿಲ್ಲ. ನೋಡಬೇಕೆಂಬ ಆಸೆಯೂ ಅಷ್ಟೇನಿಲ್ಲ. ಆದರೆ ಹಡಗು ಹತ್ತಿ ಗೊತ್ತಿಲ್ಲದ ದೇಶ ಹುಡುಕಲು ಹೋದವರ ಹಳೆಯ ಪುಸ್ತಕ ಎಲ್ಲೋ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಅದು ಕೈಗೆ ಬರುವವರೆಗೆ ಉಂಡದ್ದು ರುಚಿಸುವುದಿಲ್ಲ. ಶಹಾಪುರದ ಬಿಸಿಲಲ್ಲಿ ಕೂತು ಹಡಗಿನ ಪುಸ್ತಕ ಕೂಡಿಸುವ ಹೆಂಗಸು ಎಂದು ನಮ್ಮ ಬಳಗದಲ್ಲಿ ನನ್ನನ್ನು ಆಡಿಕೊಳ್ಳದವರಿಲ್ಲ. ಆಡಿಕೊಳ್ಳಲಿ. ಅವರು ಸೀರೆ ಕೂಡಿಸುತ್ತಾರೆ, ನಾನೇನಾದರೂ ಅಂದಿದ್ದೇನೆಯೇ?

ಈ ಹುಚ್ಚು ಹತ್ತಿದ್ದು ನೌಕರಿಯಿಂದ. ಕಾಲುವೆ ಇನ್ನೂ ಅಗೆಯುತ್ತಿದ್ದ ವರ್ಷಗಳಲ್ಲಿ ಶಹಾಪುರದ ಹತ್ತಿರದ ಕ್ಯಾಂಪಿನಲ್ಲಿ ನಾನು ಟ್ರೇಸರ್ ಆಗಿದ್ದೆ. ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಬಟ್ಟೆ ಹಾಸಿ, ಕರಿ ಶಾಯಿಯಲ್ಲಿ ಗೆರೆಯ ಮೇಲೆ ಗೆರೆ ಎಳೆದು ಪ್ರತಿ ತೆಗೆಯುವುದು ನನ್ನ ಕೆಲಸ. ಒಮ್ಮೆ ಸುರಪುರದ ನೆಂಟರ ಮನೆಗೆ ಹೋದಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಒಂದು ಉರ್ದು ಪುಸ್ತಕವನ್ನು ಬಿಸಿಲಿಗೆ ಬಿಚ್ಚಿಟ್ಟಿದ್ದರು. ಒಳಗೆ ಮಡಚಿಟ್ಟ ನಕ್ಷೆ. ಆ ಕಡಲತೀರದ ಗೆರೆ ಒಂದು ಕಡೆಯೂ ನಡುಗಿರಲಿಲ್ಲ, ಒಂದು ಕಡೆಯೂ ಅವಸರ ಮಾಡಿರಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ.

ಆ ಮನೆಯ ಯಜಮಾನರು ನಿವೃತ್ತ ಮಾಸ್ತರರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿ, ಆಮೇಲೆ ಕನ್ನಡ ಕಲಿಸಿ ಪೆನ್ಶನ್ ತೆಗೆದುಕೊಂಡವರು. ಹಳೆಯ ಸಮುದ್ರಯಾನಗಳ ಈ ಕಥೆ ಹೈದರಾಬಾದಿನಲ್ಲಿ ಮೂರು ಸಂಪುಟಗಳಾಗಿ ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು, ತಮ್ಮ ಬಳಿ ಇರುವುದು ಮೊದಲನೆಯದು ಮಾತ್ರ ಎಂದರು. ಕೊಡುತ್ತೀರಾ ಎಂದು ಕೇಳಿದ್ದಕ್ಕೆ, ಓದಲು ಬಾರದವರಿಗೆ ಪುಸ್ತಕ ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ನನಗೂ ಹಟ ಬಂತು. ಎರಡು ವರ್ಷ ರಜೆಯ ದಿನವೆಲ್ಲ ಸುರಪುರದ ಬಸ್ಸು ಹತ್ತಿ ಅವರ ಮುಂದೆ ಕೂತು ಅಲಿಫ್, ಬೇ ತಿದ್ದಿದೆ. ಮೊದಲ ಪುಟವನ್ನು ತಡವರಿಸದೆ ಓದಿ ತೋರಿಸಿದ ದಿನ ಅವರೇ ಪುಸ್ತಕವನ್ನು ಹಳೆಯ ಧೋತರದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಮೂರನೆಯ ಸಂಪುಟ ಯಾದಗಿರಿಯಲ್ಲಿ ಸಿಕ್ಕಿತು. ಸ್ಟೇಷನ್ ರಸ್ತೆಯ ಗಡಿಯಾರ ರಿಪೇರಿಯವನೊಬ್ಬ ಅದನ್ನು ಸ್ಟೂಲಿನ ಮೇಲಿಟ್ಟು, ಅದರ ಮೇಲೆ ತಾನು ಕೂತಿದ್ದ. ಅವನನ್ನು ಎಬ್ಬಿಸಲು ಒಂದು ದಪ್ಪ ದಿಂಬು ಹೊಲಿದುಕೊಡಬೇಕಾಯಿತು. ಎರಡನೆಯದು ಮಾತ್ರ ಸಿಗಲಿಲ್ಲ. ಆಫ್ರಿಕಾ ಖಂಡವನ್ನು ಸುತ್ತಿಬಳಸಿ ನಮ್ಮ ಕರಾವಳಿಗೆ ಬಂದ ಹಡಗುಗಳ ಕಥೆ ಇದ್ದದ್ದು ಅದರಲ್ಲೇ. ಹೈದರಾಬಾದಿನ ಹಳೆ ಪುಸ್ತಕದ ಸಾಲಿನಲ್ಲಿ ಹುಡುಕಿದೆ, ಗುರುಮಠಕಲ್ಲಿನ ಹಳೆಯ ವಕೀಲರ ಮನೆಯಲ್ಲಿ ಹುಡುಕಿದೆ, ಅಬ್ಬೆತುಮಕೂರಿನ ಮಠಕ್ಕೆ ದರ್ಶನಕ್ಕೆಂದು ಹೋದಾಗಲೂ ದಾರಿಯಲ್ಲಿ ಸಿಕ್ಕ ಮುದುಕರನ್ನೆಲ್ಲ ವಿಚಾರಿಸಿದೆ. ದೇವರಿಗಿಂತ ಮೊದಲು ಪುಸ್ತಕ ಕೇಳುವವಳು ಎಂದು ಅತ್ತೆ ಬೈದರು. ಇಲ್ಲ ಎಂದು ಖಾತ್ರಿಯಾಗುವವರೆಗೆ ನಾನು ಬಿಡುವವಳಲ್ಲ.

ಆ ಪುಸ್ತಕ ತಾನಾಗಿ ನಮ್ಮ ಕಚೇರಿಗೆ ನಡೆದು ಬಂತು. ದೋರನಹಳ್ಳಿಯ ಒಬ್ಬ ಮುದುಕಿ ಕೆಂಪು ಬಟ್ಟೆಯ ಗಂಟು ಎದೆಗವಚಿಕೊಂಡು ಬಂದಿದ್ದಳು. ಅವಳ ಹೊಲಕ್ಕೂ ಹೊಸ ಕಾಲುವೆಗೂ ನಡುವೆ ಒಂದು ಸಣ್ಣ ಪಟ್ಟಿ ನೆಲ. ಅದು ತನ್ನದೆಂದು ಪಕ್ಕದ ಹೊಲದ ದೊಡ್ಡ ರೈತ ತಕರಾರು ತೆಗೆದಿದ್ದ. ಪಟ್ಟಿ ಮುದುಕಿಯದಾದರೆ ತೂಬು ಅಲ್ಲಿ ಬರುತ್ತದೆ, ಅವಳ ಹೊಲಕ್ಕೆ ನೀರು ಹರಿಯುತ್ತದೆ. ಅವನದಾದರೆ ಕಾಲುವೆ ಕಣ್ಣೆದುರಿಗಿದ್ದರೂ ಅವಳ ಹೊಲ ಒಣಗಿಯೇ ಇರಬೇಕು. ಕನ್ನಡದ ಪಹಣಿಯಲ್ಲಿ ಆ ಪಟ್ಟಿಯ ಸುದ್ದಿಯೇ ಇರಲಿಲ್ಲ. ಹಳೆಯ ಉರ್ದು ಕಾಗದ ತನ್ನ ಬಳಿ ಇದೆ, ನಕಾಶೆ ಸಮೇತ ಇದೆ ಎಂದು ಅವಳು ಹೇಳಿದಾಗ ಎಂಜಿನಿಯರರು ನನ್ನನ್ನು ಕರೆಸಿದರು.

ಗಂಟು ಬಿಚ್ಚಿದೆ. ಒಳಗಿದ್ದದ್ದು ಮುಖಪುಟ ಹೋದ, ಅರಿಶಿನ ಕುಂಕುಮ ಹತ್ತಿದ ದಪ್ಪ ಪುಸ್ತಕ. ಅದರ ಮೊದಲ ಸಾಲು ನನ್ನ ಬಳಿಯ ಮೊದಲ ಸಂಪುಟ ನಿಂತಲ್ಲಿಂದಲೇ ಶುರುವಾಗುತ್ತಿತ್ತು. ನಾನು ವರ್ಷಗಟ್ಟಲೆ ಹುಡುಕಿದ ಎರಡನೆಯ ಸಂಪುಟ ಅದು.

ಅವಳು ನಕ್ಷೆಯನ್ನು ತಾನೇ ಬಿಡಿಸಿ ಮೇಜಿನ ಮೇಲೆ ಹರಡಿದಳು. ಆಫ್ರಿಕಾದ ತೀರದ ಮೇಲೆ ಬೆರಳಿಟ್ಟು ಇದು ನಮ್ಮ ಹಳ್ಳ ಎಂದಳು. ಹಡಗು ಹೋದ ದಾರಿಗೆ ಹಾಕಿದ ಚುಕ್ಕಿ ಸಾಲು ತೋರಿಸಿ ಇದು ನಮ್ಮ ಹೊಲದ ಒಡ್ಡು ಎಂದಳು. ಅವಳ ಮಾವ ಸುರಪುರದಲ್ಲಿ ತಹಸೀಲ್ದಾರರೊಬ್ಬರ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಆ ಸಾಹೇಬರು ಹೈದರಾಬಾದಿಗೆ ಹೊರಟಾಗ ಇದನ್ನು ಕೊಟ್ಟು ಜೋಪಾನ ಎಂದರಂತೆ. ತಹಸೀಲ್ದಾರರು ಕೊಟ್ಟದ್ದು, ಉರ್ದುವಿನಲ್ಲಿರುವುದು, ನಕಾಶೆ ಇರುವುದು ಹೊಲದ ಕಾಗದವಲ್ಲದೆ ಮತ್ತೇನಾಗಿರಲು ಸಾಧ್ಯ? ನಮ್ಮ ಸೀಮೆಯಲ್ಲಿ ಯಾರೇ ಆದರೂ ಹಾಗೆಯೇ ತಿಳಿಯುತ್ತಿದ್ದರು.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಆ ಪುಸ್ತಕ ಬೇಕೆಂದು ನನ್ನ ಜೀವ ಒದ್ದಾಡುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲು ಹೇಳಬೇಕಾದದ್ದು ಬೇರೆ ಇತ್ತು.

"ಆಯಿ, ಇದು ಹೊಲದ ಕಾಗದ ಅಲ್ರಿ," ಎಂದೆ. "ಸಮುದ್ರದಾಗ ಹಡಗ ನಡೆಸಿದವರ ಕಥಿ ಇದು. ಆದ್ರ ಇದನ್ನ ಒಲಿಗೆ ಹಾಕಬ್ಯಾಡ್ರಿ, ಯಾರಿಗೂ ಕೊಡಬ್ಯಾಡ್ರಿ."

ಅವಳು ನಕ್ಷೆ ಮಡಚಿ, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ನೀನೂ ಆ ದೊಡ್ಡವನ ಕಡೆಯವಳೇ ಎಂದು ಹೇಳಿ ನಡೆದುಬಿಟ್ಟಳು. ಪಕ್ಕದ ಮೇಜಿನ ಗುಮಾಸ್ತರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕ ಹೋಯಿತೆಂಬ ಸಂಕಟ ಒಂದು, ಅವಳು ನನ್ನ ಮಾತು ನಂಬಲಿಲ್ಲವೆಂಬ ಸಿಟ್ಟು ಇನ್ನೊಂದು. ಇದು ಅವಳ ಕಾಗದವಲ್ಲ ಎಂದವಳು ನಾನು, ಅವಳ ಕಾಗದ ಯಾವುದೆಂದು ತೋರಿಸಬೇಕಾದವಳೂ ನಾನೇ ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಹಳೆಯ ಉರ್ದು ದಾಖಲೆಗಳು ತಾಲೂಕಿನ ಕಚೇರಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕಟ್ಟಿದ ಗಂಟುಗಳಾಗಿ ಬಿದ್ದಿದ್ದವು. ಓದಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದರು. ಒಳಗೆ ಬಿಡಿ ಎಂದು ಕೇಳಲು ನಾನು ಎಷ್ಟು ಸಲ ಹೋದೆನೆಂದರೆ, ಕೊನೆಗೆ ಅಲ್ಲಿಯವರು ನನ್ನನ್ನು ದೂರದಿಂದ ಕಂಡೊಡನೆ ಬೀಗದ ಕೈ ತೆಗೆಯುತ್ತಿದ್ದರು. ಒಳಗೆ ಹೋದ ಮೇಲೆ ಇನ್ನೊಂದು ತೊಡಕು. ಅಚ್ಚಿನ ಅಕ್ಷರ ಬಲ್ಲ ನನಗೆ ಆ ಗುಮಾಸ್ತರ ಅವಸರದ ಕೈಬರಹ ಒಂದಿಷ್ಟೂ ಹತ್ತಲಿಲ್ಲ. ಸುರಪುರದ ಮಾಸ್ತರರನ್ನು ಕಾಡಿ ಬೇಡಿ ಕರೆತಂದೆ. ಅವರು ಭೂತಗನ್ನಡಿ ಹಿಡಿದು, ಧೂಳಿಗೆ ಸೀನುತ್ತ, ನನ್ನನ್ನು ಬೈಯುತ್ತ ಓದಿದರು. ಬೇಸಿಗೆ ಮುಗಿಯುತ್ತ ಬಂದಾಗ ಒಂದು ಗಂಟಿನಲ್ಲಿ ಮುದುಕಿಯ ಮಾವನ ಹೆಸರು ಸಿಕ್ಕಿತು. ಹೊಲ, ಹಳ್ಳ, ಒಡ್ಡು ಎಲ್ಲ ಇತ್ತು. ಪಟ್ಟಿ ಅವಳದೇ.

ದಾಖಲೆಯ ನಕಲಿಗೆ ಮೊಹರು ಬಿದ್ದ ಮೇಲೆ ದೊಡ್ಡ ರೈತ ಸ್ವಲ್ಪ ದಿನ ಗುಡುಗಾಡಿ ಸುಮ್ಮನಾದ. ತೂಬು ಅವಳ ಪಟ್ಟಿಯಲ್ಲಿ ಬರುವ ಹೊಸ ನಕ್ಷೆಯನ್ನು ನಾನೇ ಟ್ರೇಸ್ ಮಾಡಿದೆ. ಅಷ್ಟು ಖುಷಿಯಿಂದ ಗೆರೆ ಎಳೆದದ್ದು ನನಗೆ ನೆನಪಿಲ್ಲ.

ನೀರು ಬಿಟ್ಟ ದಿನ ಮುದುಕಿ ಹೇಳಿ ಕಳಿಸಿದಳು. ಈಗ ಪುಸ್ತಕ ನನ್ನ ಕೈಗೆ ಬಂದಂತೆಯೇ ಎಂದುಕೊಂಡು ದೋರನಹಳ್ಳಿಗೆ ಹೋದೆ. ಅವಳು ಹೊಲದ ಬದುವಿನ ಮೇಲೆ ಹೊಸ ಕಾಗದವನ್ನೂ ಹಳೆಯ ಪುಸ್ತಕವನ್ನೂ ಜೊತೆಗಿಟ್ಟು ಊದಿನಕಡ್ಡಿ ಬೆಳಗಿದಳು, ಕಾಯಿ ಒಡೆದಳು, ನನಗೆ ಹೋಳಿಗೆ ಬಡಿಸಿದಳು. ಎಲ್ಲ ಮುಗಿದ ಮೇಲೆ ಎರಡನ್ನೂ ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿ ಬಗಲಿಗಿಟ್ಟುಕೊಂಡಳು. ನನಗೆ ತಡೆಯಲಾಗಲಿಲ್ಲ, ಬಾಯಿಬಿಟ್ಟು ಕೇಳಿದೆ.

"ಕೊಡಂಗಿಲ್ಲ ಯವ್ವಾ," ಎಂದಳು. "ಖರೇ ಕಾಗದ ನೀ ಹುಡಿಕಿ ಕೊಟ್ಟಿ, ನಿನ್ನ ಹೊಟ್ಟಿ ತಣ್ಣಗಿರಲಿ. ಆದ್ರ ಆ ದೊಡ್ಡಾವ, ಅವರಪ್ಪ, ಪ್ರತಿ ವರ್ಷ ನೇಗಿಲ ಹೊಡಕೊಂಡು ಬಂದಾಗ ನಮ್ಮತ್ತಿ ಈ ನಕಾಶಿ ಹಾಸಿ ಅಡ್ಡ ಕುಂದರ್ತಿದ್ದಳು. ಅವರಿಗೂ ಉರ್ದು ಬರ್ತಿರಲಿಲ್ಲ, ಹೊಳ್ಳಿ ಹೋಗ್ತಿದ್ರು. ಇಷ್ಟು ದಿನ ಹೊಲ ಉಳಿಸಿದ್ದು ಇದಾ. ಇದನ್ನ ಹ್ಯಾಂಗ ಕೊಡ್ಲಿ?"

ಅವಳ ಮಾತು ಸರಿಯೆಂದು ಗೊತ್ತಿದ್ದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಬಸ್‌ ನಿಲ್ದಾಣದವರೆಗೆ ಬಿರಬಿರನೆ ನಡೆದೆ, ಬಂದ ಬಸ್ಸನ್ನು ಹತ್ತಲಿಲ್ಲ, ತಿರುಗಿ ಅವಳ ಮನೆಗೆ ಹೋದೆ. ನಿಮ್ಮ ಮನೆಯಲ್ಲೇ ಕೂತು ಇದನ್ನು ಪೂರ್ತಿ ಬರೆದುಕೊಳ್ಳಲು ಬಿಡುತ್ತೀರಾ ಎಂದು ಕೇಳಿದೆ. ಅವಳು ಕಂಬಳಿ ಹಾಸಿದಳು.

ಭಾನುವಾರಗಳೆಲ್ಲ ದೋರನಹಳ್ಳಿಯಲ್ಲಿ ಕಳೆದವು. ನಾನು ಓದಿದ್ದನ್ನು ಕನ್ನಡದಲ್ಲಿ ಹೇಳುತ್ತ ಬರೆಯುತ್ತಿದ್ದೆ, ಅವಳು ಜೋಳ ಹಸನು ಮಾಡುತ್ತ ಕಥೆ ಕೇಳುತ್ತಿದ್ದಳು. ಹಡಗಿನಲ್ಲಿ ಕುಡಿಯುವ ನೀರು ತೀರಿದ ಪುಟ ಬಂದಾಗ, ಸುತ್ತ ಅಷ್ಟು ನೀರಿದ್ದೂ ಕುಡಿಯಲಿಕ್ಕಿಲ್ಲವೇ ಎಂದು ಕೇಳಿ, ಜೋಳದ ಮೊರ ಕೆಳಗಿಟ್ಟು, ಆ ಪುಟವನ್ನು ಇನ್ನೊಮ್ಮೆ ಓದಿಸಿದಳು. ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಪುಸ್ತಕ ನನ್ನ ಕಪಾಟಿಗೆ ಬಂದಿದ್ದರೆ ನಾನು ಅದನ್ನು ಅಷ್ಟು ಚೆನ್ನಾಗಿ ಓದುತ್ತಿರಲಿಲ್ಲ.

ಕೊನೆಗೆ ಉಳಿದದ್ದು ನಕ್ಷೆ. ಅದರ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಬೆಳಗಿನಿಂದ ಗೆರೆ ಎಳೆದೆ. ಆಫ್ರಿಕಾ ಮುಗಿಯಿತು, ಚುಕ್ಕಿ ಸಾಲು ಮುಗಿಯಿತು, ನಮ್ಮ ಕರಾವಳಿಯೂ ಮುಗಿಯಿತು. ಅದರಾಚೆ ಒಳನಾಡಿನಲ್ಲಿ ನಕ್ಷೆ ಬರೆದವನು ಏನನ್ನೂ ಬರೆದಿರಲಿಲ್ಲ. ಮುದುಕಿ ಪಕ್ಕಕ್ಕೆ ಬಂದು ಕೂತು, ಹಾಗಾದರೆ ಇದರಲ್ಲಿ ನಮ್ಮ ಹೊಲ ನಿಜವಾಗಿ ಎಲ್ಲಿ ಬರುತ್ತದೆ ಎಂದು ಕೇಳಿದಳು. ಆ ಖಾಲಿ ಜಾಗವನ್ನು ತೋರಿಸಿದೆ. ಅವಳು ಅಲ್ಲಿ ತನ್ನ ಬೆರಳಿಟ್ಟಳು. ಇಲ್ಲಿ ಏನೂ ಇಲ್ಲವಲ್ಲ ಎಂದಳು. ಬರೆದವನು ಇಲ್ಲಿಯವರೆಗೆ ಬಂದಿರಲಿಲ್ಲ ಎಂದೆ.

"ನೀ ಬಂದೀಯಲ್ಲ," ಎಂದಳು. "ನೀ ಹಾಕು."

ಮೂಲದಲ್ಲಿ ಇಲ್ಲದ್ದನ್ನು ಟ್ರೇಸರ್ ಕೂದಲೆಳೆಯಷ್ಟೂ ಸೇರಿಸಬಾರದು. ನೌಕರಿಯುದ್ದಕ್ಕೂ ನಾನು ಸೇರಿಸಿರಲಿಲ್ಲ. ಲೇಖನಿಯನ್ನು ಶಾಯಿಯಲ್ಲಿ ಅದ್ದಿ, ಅವಳ ಬೆರಳಿದ್ದ ಕಡೆ ಸಣ್ಣದೊಂದು ಪಟ್ಟಿ ಬರೆದೆ. ಅದು ಒಣಗುವವರೆಗೆ ನಾವಿಬ್ಬರೂ ಬಟ್ಟೆಯನ್ನು ಮುಟ್ಟಲಿಲ್ಲ.