ದ್ರಾಕ್ಷಿ ಡಾಕ್ಟರ ಕೈಗವಸು

ಮೊಮ್ಮಕ್ಕಳೇ, ಸುಮಾ, ಪ್ರಜ್ವಲ್, ನಮ್ಮ ಐನಾಪುರದ ತೋಟದಲ್ಲಿ ದ್ರಾಕ್ಷಿ ಗೊನೆ ಅದ್ದಲು ನಿಮ್ಮ ಅವ್ವ ಜಿಬ್ಬರೆಲಿಕ್ ಆಮ್ಲದ ಪುಡಿಯನ್ನು ಬಕೆಟ್ಟಿನಲ್ಲಿ ಬರಿಗೈಯಿಂದ ಕಲಸುತ್ತಿದ್ದಳು. ಪುಡಿ ಹಾರಿ ಒಂದು ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು.

ಸಲಹೆ ಕೊಡಲು ಕಾರಿನಲ್ಲಿ ಬಂದಿದ್ದ ‘ದ್ರಾಕ್ಷಿ ಡಾಕ್ಟರು’ ದೂರ ನಿಂತು, “ಕಾಯಿ ದಪ್ಪ ಆಗೂ ಔಷಧ ಅಕ್ಕಾ, ಏನೂ ಆಗಂಗಿಲ್ಲ” ಎಂದರು. ಪೊಟ್ಟಣ ಹರಿದು ಕೊಟ್ಟಿದ್ದಷ್ಟೇ ಅವರ ಕೆಲಸ. ಅಷ್ಟಕ್ಕೇ ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ!

ಪರಗಂಡಸರ ಮುಂದೆ ಬಾಯಿ ತೆರೆಯದ ನಾನು ಕೇಳಿಯೇಬಿಟ್ಟೆ: “ಏನೂ ಆಗಂಗಿಲ್ಲಂದ್ರ ಗವಸು ನಮ್ಮ ಸೊಸಿಗೆ ಕೊಟ್ಟು, ನೀವ ಬರಿಗೈಲೆ ಕಲಸ್ರಿ ಸಾಹೇಬ್ರ.”

“ಇವು ನನ್ನ ಅಳತೀವು ಆಯಿ,” ಎಂದು ಆ ಶಾಣ್ಯಾ ಹಲ್ಲು ಕಿರಿದ. ನಾನು ಬಕೆಟ್ ಸರಿಸಿ, ಸೊಸೆಯ ಕಣ್ಣನ್ನು ಪಂಪಿನ ನೀರಿನಲ್ಲಿ ಬಹಳ ಹೊತ್ತು ತೊಳೆದೆ.

ಕಣ್ಣು ಎರಡು ದಿನಕ್ಕೆ ತಿಳಿಯಾಯಿತು. ಅವನ ಮೇಲಿನ ಅಸಹ್ಯ ಹೋಗಿಲ್ಲ. ಏನೂ ಆಗುವುದಿಲ್ಲ ಎನ್ನುವವರ ಕೈಯನ್ನು ಮೊದಲು ನೋಡಿ. ನಿಮಗಾಗಿ ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ.