ಡಾಕ್ಟರ ಕೀಪು

ಕೀಪು ಅಂದರೆ ಏನು ಅಂತ ನಮ್ಮ ಕೌದಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ನಮ್ಮೂರ ಗೌಡರು ಕೊಳ್ಳೇಗಾಲದಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದರಲ್ಲ, ಅವಳೇ ಕೀಪು. ನಮಗೆ ಬರುತ್ತಿದ್ದ ಇಂಗ್ಲಿಷೇ ಅಷ್ಟು.

ಆಗ ನಾನು ಮಾರ್ಟಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದೆ. ಡಾಕ್ಟರು ಸ್ಪೇನೋ ಏನೋ, ಆ ದೇಶದ ಬಿಳಿಯವರು. ಇಂಗ್ಲಿಷು ಅವರಿಗೂ ಎರವಲೇ. ನಮ್ಮೂರ ಪುಟ್ಟಮ್ಮ, ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದ್ದವಳು, ಈಗ ಆಸ್ಪತ್ರೆಯಲ್ಲಿ ಗಾಯದ ಬಟ್ಟೆ ಒಗೆಯುತ್ತಿದ್ದಳು. ಒಂದು ದಿನ ಅವಳನ್ನು ಕೆಲಸ ಬಿಡಿಸಿ ಕರೆದುಕೊಂಡು ಹೋಗಲು ಅವಳಣ್ಣ ಬಂದ. ಡಾಕ್ಟರು ಗಾಬರಿಯಾಗಿ, "ನೋ, ನೋ, ಐ ಕೀಪ್ ಪುಟ್ಟಮ್ಮ" ಅಂದುಬಿಟ್ಟರು. ನಾನು ಪೊರಕೆ ಕೆಳಗಿಟ್ಟು ಹತ್ತಿರ ಬಂದೆ. ಇಂಥದ್ದನ್ನು ದೂರದಿಂದ ಕೇಳಬಾರದು.

"ಕೇಳುದ್ರಾ, ಬಾಯ್ಬಿಟ್ಟು ಒಪ್ಕಂಡ. ನಡಿಯೇ ಮನೆಗೆ, ಮಾನ ಓಯ್ತು" ಅಂತ ಅಣ್ಣ ಕೂಗಾಡಿದ.

ಕಾಂಪೌಂಡರು ಅಡ್ಡ ಬಂದರು. "ಅಂಗಲ್ಲ ಕಣಯ್ಯ. ಔಷ್ದಿ ಬೀರುಲಿ ಮಡಗುದ್ರೂ ಕೀಪೇ, ಸುಮ್ನಿರು ಅನ್ನಕ್ಕೂ ಕೀಪೇ, ಕೆಲ್ಸುದಲ್ಲಿ ಉಳಿಸ್ಕಂಡ್ರೂ ಕೀಪೇ."

ಡಾಕ್ಟರು ತಲೆ ಮೇಲೆ ಕೈಹೊತ್ತು ಏನೋ ಗೊಣಗಿದರು. ಅವರ ಭಾಷೆಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತಿದೆಯಂತೆ.

ಪುಟ್ಟಮ್ಮ ಕೈ ಒರೆಸಿಕೊಂಡು ಬಂದಳು. "ಕಾಂಪೌಂಡ್ರೇ, ಸಂಬ್ಳ ಕೊಡ್ದೆ ಮನೇಲಿ ಮಡಿಕಂಡು ನೀರು ಸೇದ್ಸದು, ಸಗಣಿ ಬಾಚ್ಸದು, ಇದುಕ್ಕೇನಂತಾರೆ ಇಂಗ್ಲಿಸ್ನಲ್ಲಿ?"

ಅವರು ಯೋಚನೆ ಮಾಡಿ, "ಅದೂ ಕೀಪೇ ಕಣವ್ವ" ಅಂದರು.

"ಅಂಗಾದ್ರೆ ಸಂಬ್ಳದ ಕೀಪೇ ವಾಸಿ" ಅಂತ ಪುಟ್ಟಮ್ಮ ಮತ್ತೆ ಬಟ್ಟೆ ಒಗೆಯಲು ಹೋದಳು.

ಅಣ್ಣ ಒಬ್ಬನೇ ಊರಿಗೆ ಹೋದ. ಅವನ ಹೆಂಡತಿ ಮಾನದ ಮಾತೇ ಎತ್ತಲಿಲ್ಲವಂತೆ. ಇನ್ನು ನೀರು ಸೇದೋರು ಯಾರು ಅಂತ ಕೇಳಿದಳಂತೆ.